ಮಂಗಳವಾರ ಎರಡರಿಂದ ನಾಲ್ಕು

ಹೊಸ ಬ್ಯಾಚಿನ ಟೈಮ್ ಟೇಬಲ್ ನಿನ್ನೆ ರಾತ್ರಿ ಮುಗಿಸಿದೆ. ಅದಕ್ಕೆ ಸ್ವಲ್ಪ ಮುಂಚೆ ಅಕ್ಕ ಫೋನ್ ಮಾಡಿದ್ದಳು. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ರಿಟೈರ್ ಆದವಳು ಅವಳು. ಪ್ರತಿ ವರ್ಷ ಕೇಳುವ ಪ್ರಶ್ನೆಯನ್ನೇ ಕೇಳಿದಳು. "ಸಿಲಬಸ್ ದೆಹಲಿಯಿಂದ ಬರುತ್ತೆ ಅಂತೀಯ. ಪರೀಕ್ಷೆ ಯೂನಿವರ್ಸಿಟಿ ಮಾಡುತ್ತೆ. ಪಾಠ ಆಯಾ ವಿಭಾಗದವರು ಮಾಡ್ತಾರೆ. ಮತ್ತೆ ನೀನು ಇಷ್ಟೊತ್ತು ಕೂತು ಮಾಡೋದೇನು?"

ಫೋನಿನಲ್ಲಿ ಸರಿಯಾಗಿ ಹೇಳೋಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಫಿಸಿಯಾಲಜಿ, ಅಂದರೆ ದೇಹ ಹೇಗೆ ಕೆಲಸ ಮಾಡುತ್ತೆ ಅನ್ನೋ ವಿಷಯದ ಪ್ರೊಫೆಸರ್. ಹುಟ್ಟಿ ಬೆಳೆದಿದ್ದು ಮೈಸೂರು ಕಡೆ, ಕೆಲಸ ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ. ಸರಕಾರಿ ಮೆಡಿಕಲ್ ಕಾಲೇಜು, ವರ್ಷಕ್ಕೆ 150 ಸೀಟು. 2019ರಲ್ಲಿ ಎಂಬಿಬಿಎಸ್‌ಗೆ ಹೊಸ ಪಠ್ಯಕ್ರಮ ಬಂದಾಗ ಕರಿಕುಲಮ್ ಕಮಿಟಿಯ ಕೆಲಸ ನನ್ನ ಪಾಲಿಗೆ ಬಂತು. ಅವತ್ತಿನಿಂದ ಪಾಠದ ಜೊತೆ ಇದೂ ನನ್ನ ಕೆಲಸ.

ನಾನು ಎಂಬಿಬಿಎಸ್ ಸೇರಿದ್ದು 1993ರಲ್ಲಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಆಗ ಇರಲಿಲ್ಲ, ಅದು ಶುರುವಾಗಿದ್ದು 1996ರಲ್ಲಿ. ನಮ್ಮ ಮಾರ್ಕ್ಸ್ ಕಾರ್ಡ್ ಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಮುದ್ರೆ. ಮೊದಲ ಹಂತಕ್ಕೇ ಒಂದೂವರೆ ವರ್ಷ. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಬಿಟ್ಟರೆ ಬೇರೆ ಪ್ರಪಂಚ ಇಲ್ಲ. ಆ ಹದಿನೆಂಟು ತಿಂಗಳಲ್ಲಿ ನಾನು ಒಬ್ಬ ರೋಗಿಯ ಜೊತೆಗೂ ಮಾತಾಡಿರಲಿಲ್ಲ. ಆಸ್ಪತ್ರೆ ರಸ್ತೆಯ ಆ ಕಡೆ ಇತ್ತು, ಅಷ್ಟೇ. 1997ರ ನಿಯಮ ಬಂದ ಮೇಲೆ ಮೊದಲ ಹಂತ ಒಂದು ವರ್ಷಕ್ಕೆ ಇಳಿಯಿತು. ರೋಗಿ ಮಾತ್ರ ದೂರದಲ್ಲೇ ಉಳಿದರು.

2019ರ ಪಠ್ಯಕ್ರಮ ಮೂರು ಸಂಪುಟಗಳಲ್ಲಿ ಬಂತು. ಅಲ್ಲಿ ಪಾಠದ ಹೆಸರಿಗಿಂತ ವಿದ್ಯಾರ್ಥಿಗೆ ಏನು ಬರಬೇಕು ಅನ್ನೋದೇ ಮುಖ್ಯ. ಅನಾಟಮಿಗೆ ಅಂಥವು 409, ನಮ್ಮ ಫಿಸಿಯಾಲಜಿಗೆ 137, ಬಯೋಕೆಮಿಸ್ಟ್ರಿಗೆ 89. ಪ್ರತಿಯೊಂದಕ್ಕೂ ಒಂದು ನಂಬರ್. ಇದು ಬರೀ ತಿಳಿವಳಿಕೆಯೋ, ಕೈಯಲ್ಲಿ ಮಾಡುವ ಕೆಲಸವೋ, ನಡವಳಿಕೆಯೋ, ಮಾತಾಡುವ ಕಲೆಯೋ ಎಂದು ಪಕ್ಕದಲ್ಲೇ ಗುರುತು. ವಿದ್ಯಾರ್ಥಿಗೆ ಗೊತ್ತಿದ್ದರೆ ಸಾಕಾ, ಮಾಡಿ ತೋರಿಸಬೇಕಾ ಅನ್ನೋದೂ ಅಲ್ಲೇ ಇದೆ. ಮೊದಲ ಸಲ ಓದಿದಾಗ ನನಗೆ ನಿಜವಾಗಿ ಖುಷಿಯಾಯಿತು. ಯಾರೋ ಕೂತು ಯೋಚನೆ ಮಾಡಿದ್ದಾರೆ ಅನ್ನಿಸಿತು. ಮೊದಲ ವರ್ಷದಲ್ಲೇ ಮಕ್ಕಳನ್ನು ರೋಗಿಗಳ ಹತ್ತಿರ ಕರೆದುಕೊಂಡು ಹೋಗಿ ಎಂದು 90 ಗಂಟೆ ಎತ್ತಿಟ್ಟಿದ್ದರು.

ಆದರೆ ಆ ಸಂಪುಟಗಳಲ್ಲಿ ವಾರ ಇಲ್ಲ, ಗಂಟೆ ಇಲ್ಲ, ಕೋಣೆ ಇಲ್ಲ. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಯಾರು, ಎಷ್ಟು ಮಕ್ಕಳಿಗೆ ಅನ್ನೋದನ್ನು ಕಾಲೇಜೇ ತೀರ್ಮಾನಿಸಬೇಕು. ಅಕ್ಕ, ನನ್ನ ಕೆಲಸ ಅದು.

ಮೊದಲ ವರ್ಷ ನಾನು ಅದನ್ನು ಕೆಟ್ಟದಾಗಿ ಮಾಡಿದೆ.

ಎಕ್ಸೆಲ್ ಶೀಟಿನಲ್ಲಿ ಒಂದು ಸಾಲು ಬರೆದೆ. ಮಂಗಳವಾರ, ಮಧ್ಯಾಹ್ನ ಎರಡರಿಂದ ನಾಲ್ಕು, ರಕ್ತಹೀನತೆ, ಹೆಣ್ಣುಮಕ್ಕಳ ಮೆಡಿಕಲ್ ವಾರ್ಡ್, ಒಂದು ಬ್ಯಾಚಿಗೆ 50 ವಿದ್ಯಾರ್ಥಿಗಳು. ಮೂರು ಮಂಗಳವಾರಕ್ಕೆ 150 ಮಕ್ಕಳೂ ಮುಗಿಯುತ್ತಾರೆ. ಲೆಕ್ಕ ಸರಿಯಾಗಿತ್ತು. ಮೆಡಿಸಿನ್ ವಿಭಾಗದ ಸಹೋದ್ಯೋಗಿಯೊಬ್ಬರು ಸಂತೋಷದಿಂದ ಒಪ್ಪಿದರು. ಅಟೆಂಡೆನ್ಸ್ ಹಾಳೆ ಹಿಡಿದು ನಾನೂ ವಾರ್ಡಿನ ಬಾಗಿಲ ಹತ್ತಿರ ನಿಂತೆ.

ಹಾಸಿಗೆಯ ಮೇಲೆ ನಲವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು. ಹಿಮೋಗ್ಲೋಬಿನ್ ನಾಲ್ಕಕ್ಕೆ ಇಳಿದಿತ್ತು. ಒಂದು ಕೈಗೆ ರಕ್ತ ಹೋಗುತ್ತಿತ್ತು. ಹೊಸ ಬಿಳಿ ಕೋಟು ಹಾಕಿಕೊಂಡ ಐವತ್ತು ಮಕ್ಕಳು ಮಂಚದ ಮೂರೂ ಕಡೆ ಒತ್ತಿ ನಿಂತರು. ಡಾಕ್ಟರು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿದರು. ನಾಲಿಗೆ ಚಾಚಿ ಅಂದರು. ಚಮಚದಂತೆ ಗುಳಿ ಬಿದ್ದ ಉಗುರು ತೋರಿಸಿದರು. ಮುಂದಿನ ಎರಡು ಸಾಲಿಗೆ ಕಂಡಿತು. ಹಿಂದಿನವರು ಮುಂದಿನವರ ಬೆನ್ನು ನೋಡಿದರು. ಅಷ್ಟರಲ್ಲಿ ಅವಳು ರಕ್ತ ಹೋಗದ ಕೈಯಿಂದ ಸೆರಗು ಎಳೆದು ಮುಖ ಮುಚ್ಚಿಕೊಂಡಳು. ಒಳಗಿನಿಂದಲೇ ಕೇಳಿದಳು. "ಇಷ್ಟ್ ಮಂದಿ ಯಾಕ ಬಂದೀರ್ರೀ?"

ಅವಳನ್ನು ಮೊದಲೇ ಕೇಳಬೇಕು ಅಂತ ನನಗೆ ಹೊಳೆದಿರಲಿಲ್ಲ. ಡಾಕ್ಟರಿಗೂ ಹೊಳೆದಿರಲಿಲ್ಲ. ನಾನು ಹತ್ತಿರ ಹೋಗಿ "ಕಲಿಯೋಕೆ ಬಂದಿದ್ದಾರಮ್ಮ" ಅಂದೆ. ಅವಳು ಸೆರಗು ತೆಗೆಯಲಿಲ್ಲ. ಅವತ್ತು ಸಂಜೆ ರಿಪೋರ್ಟಿನಲ್ಲಿ 50 ಹಾಜರಿ, ಎರಡು ಗಂಟೆ, ನಡೆದಿದೆ ಎಂದು ಬರೆದೆ. ಬರೆದಿದ್ದೆಲ್ಲ ನಿಜವೇ. ರಾತ್ರಿ ನಿದ್ದೆ ಬರಲಿಲ್ಲ.

ಉಳಿದ ಎರಡು ಮಂಗಳವಾರ ರದ್ದು ಮಾಡಿದೆ. ಡೈರೆಕ್ಟರ್ ಕಾರಣ ಕೇಳಿದರು. ನಡೆದಿದ್ದನ್ನು ನಡೆದ ಹಾಗೇ ಹೇಳಿದೆ. ಅವರು ಒಂದು ನಿಮಿಷ ಸುಮ್ಮನಿದ್ದು, "ಹಾಗಾದರೆ ಬೇರೆ ದಾರಿ ಹುಡುಕಿ" ಅಂದರು.

ದಾರಿ ತೋರಿಸಿದ್ದು ಆ ವಾರ್ಡಿನ ಸಿಸ್ಟರ್. ಇಪ್ಪತ್ತು ವರ್ಷಕ್ಕೂ ಜಾಸ್ತಿ ಅದೇ ವಾರ್ಡಿನಲ್ಲಿ ಇದ್ದವರು. "ಮೇಡಂ, ಒಂದ್ ಮಂಚಕ್ಕ ಆರ್ ಮಂದಿ ಕಳಸ್ರಿ. ಉಳದವ್ರು ಆ ಪೇಶಂಟ್ ಎಲ್ಲೆಲ್ಲಿ ಅಡ್ಯಾಡಿ ಇಲ್ಲಿಗೆ ಬಂದಾಳ ಅನ್ನೂದ್ ನೋಡ್ಲಿ" ಅಂದರು. ಅಷ್ಟೇ ಮಾತು. ಅವತ್ತೇ ಕಾಗದ ತೆಗೆದುಕೊಂಡು ಕೂತೆವು. ಹೊಟ್ಟೆಯಲ್ಲಿ ಮಗು ಇದ್ದು ರಕ್ತ ಕಮ್ಮಿ ಇರುವ ಹೆಣ್ಣುಮಗಳು ನಮ್ಮ ಆಸ್ಪತ್ರೆಗೆ ಬಂದರೆ ಎಲ್ಲೆಲ್ಲಿ ಹೋಗುತ್ತಾಳೆ? ಚೀಟಿ ಮಾಡಿಸುವ ಕೌಂಟರ್, ಗರ್ಭಿಣಿಯರ ಓಪಿಡಿ (ಹೊರರೋಗಿ ವಿಭಾಗ), ರಕ್ತ ಪರೀಕ್ಷೆ ಮಾಡುವ ಲ್ಯಾಬ್, ಔಷಧಿ ಕೊಡುವ ಕಿಟಕಿ, ಬ್ಲಡ್ ಬ್ಯಾಂಕ್, ವಾರ್ಡ್, ಆಸ್ಪತ್ರೆಯ ಅಡುಗೆಮನೆ. ವಾರ್ಡಿನಲ್ಲಿ ಎರಡು ಮಂಚ ಹಿಡಿದರೆ ಒಟ್ಟು ಎಂಟು ಜಾಗ. ಐವತ್ತು ಮಕ್ಕಳನ್ನು ಎಂಟು ಗುಂಪು ಮಾಡಿದರೆ ಗುಂಪಿಗೆ ಆರೇಳು ಜನ. ಒಂದು ವಾರಕ್ಕೆ ಎರಡು ಜಾಗ, ನಾಲ್ಕು ವಾರಕ್ಕೆ ಎಂಟೂ ಜಾಗ.

ಪಾಠ ಮಾಡೋರು ಯಾರು? ಎಂಟು ಪ್ರೊಫೆಸರ್‌ಗಳು ಮಧ್ಯಾಹ್ನ ಎರಡು ಗಂಟೆಗೆ ಖಾಲಿ ಇರೋದಿಲ್ಲ. ಆದ್ದರಿಂದ ಫಾರ್ಮಸಿಸ್ಟ್, ಲ್ಯಾಬ್ ಟೆಕ್ನಿಷಿಯನ್, ಸಿಸ್ಟರ್, ಬ್ಲಡ್ ಬ್ಯಾಂಕಿನ ಕೌನ್ಸೆಲರ್, ಅಡುಗೆಮನೆಯ ಮೇಲ್ವಿಚಾರಕರು, ಇವರೇ ಮೇಷ್ಟ್ರುಗಳಾದರು. ಒಂದಿಬ್ಬರು ಹಿರಿಯ ಪ್ರಾಧ್ಯಾಪಕರಿಗೆ ಇದು ಸರಿ ಕಾಣಲಿಲ್ಲ. ನನಗೆ ಮಾತ್ರ ಇದು ಸರಿ ಅಂತ ಇವತ್ತಿಗೂ ಅನ್ನಿಸುತ್ತೆ. ಚೀಟಿ ಕೌಂಟರಿನ ಸಾಲಿನಲ್ಲಿ ಮಕ್ಕಳು ಬಿಳಿ ಕೋಟು ತೆಗೆದು ನಿಲ್ಲಬೇಕು, ಅದು ನಮ್ಮ ನಿಯಮ. ನಲವತ್ತು ನಿಮಿಷ ನಿಂತು ಬಂದ ಹುಡುಗನೊಬ್ಬ ತನ್ನ ಡೈರಿಯಲ್ಲಿ, "ನನ್ನ ಮುಂದಿದ್ದ ಅಜ್ಜಿ ಎರಡು ಸಲ ನೆಲದ ಮೇಲೆ ಕೂತರು. ಯಾರೂ ಕುರ್ಚಿ ಕೊಡಲಿಲ್ಲ, ಕುರ್ಚಿ ಇರಲೇ ಇಲ್ಲ" ಎಂದು ಬರೆದಿದ್ದ. ರೋಗಿಯಾಗಿ ಇರುವುದು ಅಂದರೇನು ಅನ್ನುವುದು ಮೊದಲ ವರ್ಷದ ನೀತಿ ಮತ್ತು ಸಂವಹನದ ಪಾಠಗಳಲ್ಲಿ ಒಂದು. ಅದಕ್ಕೆ ನಾನು ಬೇರೆ ಲೆಕ್ಚರ್ ಇಡಲಿಲ್ಲ. ಆ ಡೈರಿಯನ್ನೇ ಅವನ ಒಪ್ಪಿಗೆ ಕೇಳಿ ಕ್ಲಾಸಿನಲ್ಲಿ ಓದಿಸಿದೆ.

ಮಂಚದ ಹತ್ತಿರ ಹೋಗುವ ಗುಂಪಿಗೆ ಒಂದೇ ಷರತ್ತು. ಒಬ್ಬ ವಿದ್ಯಾರ್ಥಿ ಮುಂದೆ ಹೋಗಿ, ಕನ್ನಡದಲ್ಲಿ, ಆ ರೋಗಿಯ ಒಪ್ಪಿಗೆ ಕೇಳಬೇಕು. ಬೇಡ ಅಂದರೆ ವಾಪಸ್ ಬರಬೇಕು. ಬೇಡ ಅನ್ನುವವರು ಇದ್ದಾರೆ. ವಾಪಸ್ ಬಂದ ದಿನಕ್ಕೂ ಹಾಜರಿ ಕೊಡುತ್ತೇವೆ.

ಕನ್ನಡದಲ್ಲಿ ಕೇಳಬೇಕು ಅಂದೆನಲ್ಲ, ಅಲ್ಲಿ ಇನ್ನೊಂದು ಕಥೆ ಇದೆ. ನಮ್ಮ 150ರಲ್ಲಿ ಶೇಕಡಾ 15 ಸೀಟು ಅಖಿಲ ಭಾರತ ಕೋಟಾ. ಅಂದರೆ ಇಪ್ಪತ್ತೆರಡು ಮಕ್ಕಳಷ್ಟು. ರಾಜಸ್ಥಾನ, ಕೇರಳ, ಬಿಹಾರದಿಂದ ಬರುತ್ತಾರೆ. 2019ರ ನಿಯಮದಲ್ಲಿ ಕಾಲೇಜು ಶುರುವಾದ ಕೂಡಲೇ ಒಂದು ತಿಂಗಳ ಫೌಂಡೇಶನ್ ಕೋರ್ಸ್ ಇತ್ತು, ಒಟ್ಟು 175 ಗಂಟೆ. ಅದರಲ್ಲಿ ಭಾಷೆಗೂ ಕಂಪ್ಯೂಟರಿಗೂ ಸೇರಿ 40 ಗಂಟೆ. ನಾವು ನಿವೃತ್ತ ಕನ್ನಡ ಮೇಷ್ಟ್ರೊಬ್ಬರನ್ನು ಕರೆದೆವು. ತುಂಬಾ ಒಳ್ಳೆಯವರು. ಪ್ರೀತಿಯಿಂದ ಅ ಆ ಇ ಈ ಬರೆಸಿದರು. ತಿಂಗಳ ಕೊನೆಗೆ ಮಕ್ಕಳು ಬಸ್ಸಿನ ಬೋರ್ಡ್ ಓದುತ್ತಿದ್ದರು. ಆದರೆ "ಊಟ ಸೇರುತ್ತಾ?" ಅಂತ ಒಬ್ಬರಿಗೂ ಕೇಳೋಕೆ ಬರುತ್ತಿರಲಿಲ್ಲ. ತಪ್ಪು ಮೇಷ್ಟ್ರದ್ದಲ್ಲ. ಏನು ಬೇಕು ಅಂತ ನಾವು ಅವರಿಗೆ ಹೇಳಿರಲಿಲ್ಲ.

ಆಮೇಲೆ ಅದೇ ಸಿಸ್ಟರ್ ಮತ್ತು ಮೇಷ್ಟ್ರು ಇಬ್ಬರನ್ನೂ ಒಟ್ಟಿಗೆ ಕೂರಿಸಿದೆ. ಓಪಿಡಿಯಲ್ಲಿ ಒಂದು ವಾರ ಕೂತು ಜನ ಆಡುವ ಮಾತನ್ನು ಹಾಗೇ ಬರೆದುಕೊಂಡೆವು. "ದಮ್ಮ ಹತ್ತತೈತ್ರಿ." "ಕಣ್ಣಿಗೆ ಕತ್ತಲಿ ಬರ್ತೈತ್ರಿ." "ಕೈಕಾಲು ಜೋಮು ಹಿಡಿತಾವ." "ಹೊಟ್ಟಿ ಕಡ್ಯಾಕತ್ತೈತ್ರಿ." ಈ ಕೊನೆಯದು ನನಗೇ ಪಾಠ ಕಲಿಸಿತ್ತು. ಮೈಸೂರು ಕಡೆ ನಾವು ಕಡಿತ ಅಂದರೆ ತುರಿಕೆ. ಇಲ್ಲಿ ಅದು ನೋವು. ಬೆಂಗಳೂರಿನಿಂದ ಬಂದ, ಮನೆಮಾತೂ ಕನ್ನಡವೇ ಆಗಿರುವ ಹುಡುಗಿಯೊಬ್ಬಳು ರೋಗಿಯ ಹೊಟ್ಟೆಯ ಮೇಲೆ ಗುಳ್ಳೆ ಎಲ್ಲಿದೆ ಅಂತ ಹುಡುಕಿದ್ದಳು. ಅದಕ್ಕೇ ಈಗ ಕನ್ನಡದ ಕ್ಲಾಸು ಹೊರಗಿನವರಿಗೆ ಮಾತ್ರ ಅಲ್ಲ, 150 ಮಕ್ಕಳಿಗೂ. ಫೌಂಡೇಶನ್ ಕೋರ್ಸಿನ ದಿನಗಳು ಈಗ ಕುಗ್ಗಿವೆ. ಕನ್ನಡವನ್ನು ನಾನು ವರ್ಷಪೂರ್ತಿ ಹರಡಿದ್ದೇನೆ, ವಾರಕ್ಕೆ ಒಂದು ಗಂಟೆ. ಅದನ್ನು ಯಾರು ಕೇಳಿದರೂ ಬಿಟ್ಟುಕೊಡುವುದಿಲ್ಲ.

ಇನ್ನು ಬೇರೆ ಬೇರೆ ವಿಭಾಗದ ಪಾಠಗಳನ್ನು ಒಂದಕ್ಕೊಂದು ಹೊಂದಿಸುವ ವಿಷಯ. ಕಮಿಟಿಯಲ್ಲಿ ಜಾಸ್ತಿ ಜಗಳ ಆಗುವುದು ಇಲ್ಲೇ.

ಮಕ್ಕಳು ವಾರ್ಡಿನಲ್ಲಿ ರಕ್ತಹೀನತೆ ನೋಡುವ ಹೊತ್ತಿಗೆ ಫಿಸಿಯಾಲಜಿಯಲ್ಲಿ ರಕ್ತದ ಪಾಠ ಮುಗಿದು ತಿಂಗಳುಗಳೇ ಆಗಿರುತ್ತಿತ್ತು. ಬಯೋಕೆಮಿಸ್ಟ್ರಿಯಲ್ಲಿ ಕಬ್ಬಿಣದ ಪಾಠ ಇನ್ನೂ ಬಂದಿರುತ್ತಿರಲಿಲ್ಲ. ಮಕ್ಕಳ ತಲೆಯಲ್ಲಿ ಇವು ಮೂರು ಬೇರೆ ಬೇರೆ ವಿಷಯ. ನಾನು ಬಯೋಕೆಮಿಸ್ಟ್ರಿಯ ಎಚ್‌ಓಡಿ, ಅಂದರೆ ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ, "ಸರ್, ಹೀಮ್ ಮತ್ತು ಕಬ್ಬಿಣ ಸ್ವಲ್ಪ ಮುಂಚೆ ತರೋಕಾಗುತ್ತಾ?" ಅಂತ ಕೇಳಿದೆ. ಹೀಮ್ ಅಂದರೆ ಹಿಮೋಗ್ಲೋಬಿನ್ನಿನಲ್ಲಿ ಕಬ್ಬಿಣ ಇರುವ ಭಾಗ. ಅವರು, "ಮೇಡಂ, ಎನ್ಜೈಮ್ ಗೊತ್ತಿಲ್ಲದೆ ಹೀಮ್ ಹೇಗೆ ಕಲಿಸಲಿ? ಪ್ರೋಟೀನ್ ಆಗದೆ ಹಿಮೋಗ್ಲೋಬಿನ್ ಹೇಗೆ? ನನಗಿರೋದೇ 80 ಗಂಟೆ ಲೆಕ್ಚರ್" ಅಂದರು. ಅವರು ಹೇಳಿದ್ದು ನಿಜ. 80 ಗಂಟೆಯಲ್ಲಿ ಇಡೀ ಬಯೋಕೆಮಿಸ್ಟ್ರಿ ಮುಗಿಸುವುದು ಸುಲಭ ಅಲ್ಲ. ನಮಗೆ ಆಗ ಅದರ ಎರಡರಷ್ಟು, 160 ಇತ್ತು.

ಮೂರು ಮೀಟಿಂಗ್ ಆಯಿತು. ಕೊನೆಗೆ ನಾನೇ ನಮ್ಮ ವಿಭಾಗದ ಕ್ರಮ ಬದಲಿಸಿದೆ. ಹೆಚ್ಚಿನ ಕಡೆ ಫಿಸಿಯಾಲಜಿ ಶುರುವಾಗುವುದು ರಕ್ತದಿಂದ. ಪ್ರಾಕ್ಟಿಕಲ್ ಕೂಡ ಅದರಿಂದಲೇ, ಏಕೆಂದರೆ ಮೈಕ್ರೋಸ್ಕೋಪ್ ಮತ್ತು ಒಂದು ಹನಿ ರಕ್ತ ಸಾಕು. ನಾವು ನರ ಮತ್ತು ಸ್ನಾಯುವಿನಿಂದ ಶುರು ಮಾಡಿದೆವು. ರಕ್ತವನ್ನು ಎಂಟನೇ ವಾರಕ್ಕೆ ತಳ್ಳಿದೆವು. ನಮ್ಮ ವಿಭಾಗದ ಕಿರಿಯರಿಗೆ ಇದರಿಂದ ತೊಂದರೆಯಾಯಿತು. ವರ್ಷಗಳಿಂದ ಮಾಡಿಟ್ಟಿದ್ದ ಪಾಠದ ಕ್ರಮ ಎಲ್ಲ ಹಿಂದೆ ಮುಂದೆ ಆಯಿತು. ಆದರೂ ಮಾಡಿದರು. ನಾವು ಸರಿದ ಮೇಲೆ ಬಯೋಕೆಮಿಸ್ಟ್ರಿಯವರೂ ಸರಿದರು. ಕೊಬ್ಬಿನ ಪಾಠ ಹಿಂದಕ್ಕೆ ಹಾಕಿ ಹೀಮ್ ಮುಂದಕ್ಕೆ ತಂದರು. ಕಮ್ಯುನಿಟಿ ಮೆಡಿಸಿನ್‌ನವರು ಅದೇ ಹದಿನೈದು ದಿನದಲ್ಲಿ ಒಂದು ಕ್ಲಾಸು ಕೊಟ್ಟರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ದೇಶದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡಾ 57 ಜನಕ್ಕೆ ರಕ್ತಹೀನತೆ ಎಂದು ಬಂದಿತ್ತು. ಕರ್ನಾಟಕದಲ್ಲೂ ಹೆಚ್ಚುಕಮ್ಮಿ ಅರ್ಧದಷ್ಟು. ಶಾಲೆಯಲ್ಲಿ ಕೊಡುತ್ತಿದ್ದ ನೀಲಿ ಬಣ್ಣದ ಕಬ್ಬಿಣದ ಮಾತ್ರೆ ತೋರಿಸಿ "ಯಾರ್ಯಾರು ನುಂಗಿದ್ರಿ?" ಅಂತ ಆ ಮೇಡಂ ಕೇಳಿದಾಗ ಕ್ಲಾಸೆಲ್ಲ ನಕ್ಕಿತಂತೆ. ಕಿಟಕಿಯಿಂದ ಎಸೆದವರೇ ಜಾಸ್ತಿ. ಯಾಕೆ ಎಸೆದಿರಿ ಅನ್ನೋದೇ ಆಮೇಲೆ ಅವತ್ತಿನ ಪಾಠವಾಯಿತು. ವಾಂತಿ ಬಂದಹಾಗಾಗುತ್ತಿತ್ತು, ಖಾಲಿ ಹೊಟ್ಟೆಯಲ್ಲಿ ಕೊಟ್ಟಿದ್ದರು, ಮಲ ಕಪ್ಪಗಾಗಿ ಹೆದರಿದ್ದೆವು. ಎಲ್ಲವೂ ಮಕ್ಕಳ ಬಾಯಿಂದಲೇ ಬಂತು.

ಆ ಹದಿನೈದು ದಿನದ ಪ್ರಾಕ್ಟಿಕಲ್‌ನಲ್ಲಿ ನಡೆದ ಒಂದು ಸಂಗತಿ ಹೇಳಬೇಕು. ಆ ಹುಡುಗಿಯನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡ ಅಂದಿದ್ದಾಳೆ.

ಪಠ್ಯಕ್ರಮದ ಸಂಪುಟದಲ್ಲಿ ನಮ್ಮ ಫಿಸಿಯಾಲಜಿಯ ಪಟ್ಟಿಯಲ್ಲಿ ಪಿವೈ 2.11 ಅಂತ ಒಂದು ನಂಬರ್ ಇದೆ. ಹಿಮೋಗ್ಲೋಬಿನ್ ಅಳೆಯುವುದು ಅದರಲ್ಲಿ ಬರುತ್ತೆ. ನಾವು ಇನ್ನೂ ಸಾಹ್ಲಿ ವಿಧಾನದಲ್ಲೇ ಕಲಿಸುತ್ತೇವೆ. ಗೆರೆ ಇರುವ ಪುಟ್ಟ ಗಾಜಿನ ಕೊಳವೆಯಲ್ಲಿ ಕೆಳಗಿನ ಗುರುತಿನವರೆಗೆ ತೆಳು ಹೈಡ್ರೋಕ್ಲೋರಿಕ್ ಆಸಿಡ್ ಹಾಕಬೇಕು. ಬೆರಳ ತುದಿ ಚುಚ್ಚಿ, ಸಣ್ಣ ಪಿಪೆಟ್ಟಿನಲ್ಲಿ 0.02 ಮಿಲಿ ರಕ್ತ ಎಳೆದು ಅದಕ್ಕೆ ಬಿಡಬೇಕು. ಹತ್ತು ನಿಮಿಷ ಕಾಯಬೇಕು. ರಕ್ತದ ಕೆಂಪು ಹೋಗಿ ಕಾಫಿ ಡಿಕಾಕ್ಷನ್ ಬಣ್ಣ ಬರುತ್ತೆ. ಆಮೇಲೆ ಹನಿ ಹನಿಯಾಗಿ ನೀರು ಹಾಕುತ್ತಾ, ಕಲಕುತ್ತಾ, ಪಕ್ಕದ ಕಂದು ಗಾಜಿಗೆ ಬಣ್ಣ ಸರಿಹೊಂದುವವರೆಗೆ ನೋಡಬೇಕು. ಹೊಂದಿದ ಕಡೆ ಎಷ್ಟು ಗೆರೆ ಇದೆಯೋ ಅದೇ ನಿಮ್ಮ ಹಿಮೋಗ್ಲೋಬಿನ್.

ಅವಳು ಐದಾರು ಹನಿ ನೀರು ಹಾಕುವಷ್ಟರಲ್ಲಿ ಬಣ್ಣ ಹೊಂದಿಬಿಟ್ಟಿತು. ತಪ್ಪು ಮಾಡಿದೆ ಅಂದುಕೊಂಡು ಕೊಳವೆ ತೊಳೆದು ಮತ್ತೆ ಮಾಡಿದಳು. ಮತ್ತೆ ಅಷ್ಟೇ. ಪಕ್ಕದ ಹುಡುಗಿಯರದ್ದೆಲ್ಲ ಹನ್ನೊಂದು, ಹನ್ನೆರಡು. ಇವಳದ್ದು ಎಂಟಕ್ಕಿಂತ ಸ್ವಲ್ಪ ಕೆಳಗೆ. ಪಿಪೆಟ್ಟಿನಲ್ಲಿ ಗಾಳಿಗುಳ್ಳೆ ಇತ್ತೇನೋ ಅಂತ ನಾನೇ ನಿಂತು ಮೂರನೇ ಸಲ ಮಾಡಿಸಿದೆ. ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಅವಳ ಬೆರಳೂ ಕಂಡಿತು. ಚುಚ್ಚಿದ ಜಾಗದಲ್ಲಿ ಬಿಟ್ಟರೆ ಎಲ್ಲೂ ಕೆಂಪಿಲ್ಲ. ಎರಡು ತಿಂಗಳಿಂದ ನನ್ನ ಕ್ಲಾಸಿನ ಎರಡನೇ ಬೆಂಚಿನಲ್ಲಿ ಕೂತಿದ್ದಳು. ನಾನು ಗಮನಿಸಿರಲಿಲ್ಲ.

ಲ್ಯಾಬಿಗೆ ಕಳಿಸಿದ ರಕ್ತದಲ್ಲಿ 8.1 ಬಂತು. ಸ್ತ್ರೀರೋಗ ವಿಭಾಗದ ಮೇಡಂ ಹತ್ತಿರ ಕರೆದುಕೊಂಡು ಹೋದೆ. ಮುಟ್ಟಿನ ದಿನಗಳಲ್ಲಿ ಜಾಸ್ತಿ ರಕ್ತ ಹೋಗುತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಚಿಕಿತ್ಸೆ ಶುರುವಾಯಿತು. ಈಗ ಚೆನ್ನಾಗಿದ್ದಾಳೆ. ಅವತ್ತು ಮೇಡಂ ಅವಳನ್ನು, "ಬೆಳಗ್ಗೆ ಏನು ತಿಂತೀಯಮ್ಮ?" ಅಂತ ಕೇಳಿದರು. "ಏನೂ ಇಲ್ಲ ಮೇಡಂ. ಎಂಟಕ್ಕೆ ಕ್ಲಾಸ್ ಇರುತ್ತಲ್ಲ" ಅಂದಳು.

ಎಂಟಕ್ಕೆ ಕ್ಲಾಸ್ ಇಟ್ಟವಳು ನಾನು.

ಮರುದಿನ ಕ್ಲಾಸಿನಲ್ಲಿ ಕೇಳಿದೆ. ತಿಂಡಿ ತಿಂದವರು ಕೈ ಎತ್ತಿ ಅಂದೆ. ಅರ್ಧ ಕೈಯೂ ಏಳಲಿಲ್ಲ. ಸಂಜೆ ಹಾಸ್ಟೆಲ್ಲಿಗೆ ಹೋಗಿ ಮೆಸ್ ಭಟ್ಟರನ್ನು ವಿಚಾರಿಸಿದೆ. ಏಳೂಮುಕ್ಕಾಲಿಗೆ ಉಪ್ಪಿಟ್ಟು ಇಳಿಯುತ್ತೆ. ಹಾಸ್ಟೆಲ್ಲಿನಿಂದ ಲೆಕ್ಚರ್ ಹಾಲಿಗೆ ಹತ್ತು ನಿಮಿಷದ ನಡಿಗೆ. ಎಂಟಕ್ಕೆ ಸರಿಯಾಗಿ ಹಾಜರಿ. ಲೆಕ್ಚರ್‌ಗೆ ಶೇಕಡಾ 75, ಪ್ರಾಕ್ಟಿಕಲ್‌ಗೆ 80 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವ ಹಾಗಿಲ್ಲ. ಮಕ್ಕಳು ಯಾವುದನ್ನು ಬಿಡುತ್ತಾರೆ ಹೇಳಿ. ರಕ್ತಹೀನತೆಯ ಬಗ್ಗೆ ನಾಲ್ಕು ವಿಭಾಗ ಸೇರಿ ಹದಿನೈದು ದಿನ ಪಾಠ ಮಾಡುತ್ತಿದ್ದೆವು, ಅದೇ ಟೈಮ್ ಟೇಬಲ್ ಮಕ್ಕಳನ್ನು ಹಸಿದ ಹೊಟ್ಟೆಯಲ್ಲಿ ಕೂರಿಸುತ್ತಿತ್ತು. ನನಗೆ ತುಂಬಾ ನೋವಾಯಿತು.

ಈಗ ಮೊದಲ ಕ್ಲಾಸ್ ಒಂಬತ್ತಕ್ಕೆ. ಆ ಒಂದು ಗಂಟೆ ಹೊಂದಿಸುವುದಕ್ಕೆ ಎರಡು ತಿಂಗಳು ಹಿಡಿಯಿತು. ಅನಾಟಮಿಯವರು ಡಿಸೆಕ್ಷನ್ ಗಂಟೆ ಬಿಡುವುದಿಲ್ಲ, ಬಿಡಲೂಬಾರದು. ಕೊನೆಗೆ ಸಂಜೆಯ ಸ್ವಯಂ ಅಧ್ಯಯನದ ಗಂಟೆಗಳನ್ನು ಜೋಡಿಸಿ, ಶನಿವಾರ ಒಂದು ಗಂಟೆ ಮುಂದಕ್ಕೆ ಎಳೆದು ಸರಿ ಮಾಡಿದೆವು. ಶನಿವಾರ ಊರಿಗೆ ಹೋಗುವ ಬಸ್ ತಪ್ಪುತ್ತೆ ಅಂತ ಕಮಿಟಿಯಲ್ಲಿರುವ ವಿದ್ಯಾರ್ಥಿ ಪ್ರತಿನಿಧಿ ಆಕ್ಷೇಪ ಎತ್ತಿದ. ಅದೂ ನ್ಯಾಯವೇ. ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ ಬಿಟ್ಟುಕೊಟ್ಟೆವು.

ಮೇಲ್ವಿಚಾರಣೆ ಅಂದರೆ ಎಷ್ಟೋ ಜನ ಫೈಲು ನೋಡುವುದು ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಲಾಗ್‌ಬುಕ್ಕಿನ ಉದಾಹರಣೆ ಕೊಡುತ್ತೇನೆ. ಪ್ರತಿ ಕೌಶಲ್ಯದ ಎದುರು ತಾರೀಖು, ಮೊದಲ ಪ್ರಯತ್ನವೋ ಎರಡನೆಯದೋ, ಮಟ್ಟಕ್ಕಿಂತ ಕೆಳಗೋ, ಮಟ್ಟದಲ್ಲೋ, ಮೇಲೋ, ಮತ್ತೆ ಮೇಷ್ಟ್ರ ಸಹಿ. ಒಂದು ವಿಭಾಗದ ಮೂವತ್ತು ಲಾಗ್‌ಬುಕ್ ತರಿಸಿ ನೋಡಿದೆ. ರಕ್ತದೊತ್ತಡ ಅಳೆಯುವುದರ ಎದುರು ಮೂವತ್ತರಲ್ಲೂ ಒಂದೇ ತಾರೀಖು, ಒಂದೇ ಪೆನ್ನು, ಎಲ್ಲರೂ ಮೊದಲ ಪ್ರಯತ್ನದಲ್ಲೇ ಮಟ್ಟ ಮುಟ್ಟಿದ್ದಾರೆ. ಆ ವಿಭಾಗ ನಮ್ಮದೇ. ಇಂಟರ್ನಲ್ ಮುಗಿಯುವ ದಿನ ಮಕ್ಕಳು ಸಾಲಾಗಿ ನಿಂತಿದ್ದರು, ನಮ್ಮವರು ಕೂತು ಸಹಿ ಹಾಕಿದ್ದರು. ಆರು ಮಕ್ಕಳನ್ನು ಕರೆದು ಬಿಪಿ ನೋಡಿ ಅಂದೆ. ಇಬ್ಬರು ಪಟ್ಟಿಯನ್ನು ಅಂಗಿಯ ತೋಳಿನ ಮೇಲೇ ಸುತ್ತಿದರು. ಒಬ್ಬನಿಗೆ ನಾಡಿ ಸಿಗಲಿಲ್ಲ.

ಈಗ ಸಹಿ ಮೇಜಿನ ಹತ್ತಿರವೇ, ಆ ನಿಮಿಷವೇ. ಮಟ್ಟಕ್ಕಿಂತ ಕೆಳಗೆ ಅಂತ ಬರೆಯಲು ಹಿಂಜರಿಯಬೇಡಿ ಎಂದು ಕಿರಿಯರಿಗೆ ಹೇಳಿದ್ದೇನೆ. ಹಾಗೆ ಬರೆಸಿಕೊಂಡ ಮಗು ಮುಂದಿನ ವಾರ ಮತ್ತೆ ಬರುತ್ತೆ, ಕಲಿಯುತ್ತೆ. ನಾನೂ ತಿಂಗಳಿಗೆ ನಾಲ್ಕು ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ, ಮೊದಲೇ ಹೇಳಿಯೇ ಹೋಗುತ್ತೇನೆ. ಬರೆದುಕೊಳ್ಳುವುದು ಒಂದೇ, ಮಕ್ಕಳು ಏನು ಮಾಡುತ್ತಿದ್ದಾರೆ ಅಂತ.

ಕಾಗದದ ಒಂದು ಸಾಲು ಯಾರಿಗೆ ತಾಗುತ್ತೆ ಅನ್ನೋದು 2024ರಲ್ಲಿ ದೊಡ್ಡದಾಗಿಯೇ ಗೊತ್ತಾಯಿತು. ವೈದ್ಯಕೀಯ ಶಿಕ್ಷಣದ ನಿಯಮ ಮಾಡುವ ರಾಷ್ಟ್ರೀಯ ವೈದ್ಯಕೀಯ ಆಯೋಗ ಆಗಸ್ಟ್ 31ರಂದು ಎಂಬಿಬಿಎಸ್ ಪಠ್ಯಕ್ರಮಕ್ಕೆ ಹೊಸ ಮಾರ್ಗಸೂಚಿ ಹೊರಡಿಸಿತು. ಫೊರೆನ್ಸಿಕ್ ಮೆಡಿಸಿನ್ (ನ್ಯಾಯವೈದ್ಯಶಾಸ್ತ್ರ) ಭಾಗದಲ್ಲಿ ಸಲಿಂಗ ಸಂಬಂಧವನ್ನು ಅಸಹಜ ಲೈಂಗಿಕ ಅಪರಾಧಗಳ ಜೊತೆ ಸೇರಿಸಿದ್ದರು. ಅಂಗವಿಕಲರ ಬಗ್ಗೆ ಇದ್ದ ಪಾಠದ ಗಂಟೆಗಳು ಹೋಗಿದ್ದವು. ದೇಶದೆಲ್ಲೆಡೆಯಿಂದ ವಿರೋಧ ಬಂತು. ಸೆಪ್ಟೆಂಬರ್ 5ಕ್ಕೆ ಅದನ್ನು ವಾಪಸ್ ತೆಗೆದುಕೊಂಡು, 12ಕ್ಕೆ ತಿದ್ದಿದ್ದನ್ನು ಹೊರಡಿಸಿದರು. ಆ ದಿನಗಳಲ್ಲಿ ಕ್ಲಾಸಿಗೆ ಹೋದಾಗೆಲ್ಲ 150 ಮುಖ ನೋಡುತ್ತಿದ್ದೆ. ಈ ಸಾಲು ಇವರಲ್ಲಿ ಯಾರ ಬಗ್ಗೆ ಬರೆದದ್ದೋ, ಅವರು ಇದನ್ನು ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯಬೇಕಿತ್ತಲ್ಲ ಅನ್ನಿಸುತ್ತಿತ್ತು. ಅಂಗವಿಕಲರ ಕುರಿತ ಪಾಠವನ್ನು ನಾವು ಗಾಲಿಕುರ್ಚಿ ಬಳಸುವ ಒಬ್ಬರನ್ನೇ ಕರೆಸಿ ಮಾಡಿಸುತ್ತೇವೆ. ಮೊದಲ ವರ್ಷ ಅವರು ಬಂದಾಗ ನಮ್ಮ ಲೆಕ್ಚರ್ ಹಾಲಿಗೆ ಇಳಿಜಾರು ದಾರಿಯೇ ಇರಲಿಲ್ಲ. ನಾಲ್ವರು ಹುಡುಗರು ಕುರ್ಚಿ ಎತ್ತಿದರು. ಅವರು ಪಾಠ ಶುರು ಮಾಡಿದ್ದೇ ಆ ನಾಲ್ಕು ಮೆಟ್ಟಿಲಿನಿಂದ. ಈಗ ಅಲ್ಲಿ ಇಳಿಜಾರು ದಾರಿ ಇದೆ.

ಈ ವರ್ಷ ಒಂದು ಕೆಲಸ ಬಾಕಿ ಉಳಿದಿದೆ. ರಕ್ತಹೀನತೆ ಎರಡನೇ ವರ್ಷದಲ್ಲಿ ಪೆಥಾಲಜಿಯಲ್ಲಿ ಮತ್ತೆ ಬರುತ್ತೆ. ಕಬ್ಬಿಣದ ಔಷಧಿ ಫಾರ್ಮಕಾಲಜಿಯಲ್ಲಿ. ಎರಡೂ ಒಂದೇ ವಾರದಲ್ಲಿ ಬರಬೇಕು, ಆ ವಾರ ಮಕ್ಕಳು ಮೊದಲ ವರ್ಷದಿಂದ ಗುರುತಿರುವ ಮನೆಗಳಿಗೆ ಹೋಗಬೇಕು ಅಂತ ನನ್ನ ಆಸೆ. 2021-22ರ ಬ್ಯಾಚಿನಿಂದ ಪ್ರತಿ ವಿದ್ಯಾರ್ಥಿಯೂ ಹಳ್ಳಿಯಲ್ಲಿ ಕೆಲವು ಕುಟುಂಬಗಳ ಆರೋಗ್ಯ ನೋಡಿಕೊಳ್ಳುವ ಕಾರ್ಯಕ್ರಮ ಇದೆ. ಆ ಮನೆಗಳಲ್ಲಿ ರಕ್ತ ಕಮ್ಮಿ ಇರುವ ಹೆಣ್ಣುಮಕ್ಕಳು ಇದ್ದೇ ಇರುತ್ತಾರೆ. ಮಾತ್ರೆ ಡಬ್ಬಿಯಲ್ಲೇ ಉಳಿದಿದೆಯಾ, ಊಟದ ಕೂಡಲೇ ಚಹಾ ಕುಡೀತಾರಾ, ಮಣ್ಣು ತಿನ್ನಬೇಕು ಅನ್ನಿಸುತ್ತಾ ಅಂತ ಕೇಳಿ ಬಂದು, ಮರುದಿನ ಮೈಕ್ರೋಸ್ಕೋಪಿನಲ್ಲಿ ಆ ಬಿಳಿಚಿದ ಸಣ್ಣ ಕಣಗಳನ್ನು ನೋಡಿದರೆ ಅದು ಮರೆಯೋದಿಲ್ಲ.

ಇದಕ್ಕೆ ಪೆಥಾಲಜಿಯವರ ಎರಡು ಗಂಟೆ ಬೇಕು. ಬಸ್ಸೂ ಬೇಕು. ಬಸ್ ಗುರುವಾರ ಮಾತ್ರ ಖಾಲಿ, ಗುರುವಾರ ಪೆಥಾಲಜಿಯವರಿಗೆ ಸ್ಲೈಡ್ ಪ್ರಾಕ್ಟಿಕಲ್. ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ಅವರ ಎಚ್‌ಓಡಿಯನ್ನು ನೋಡೋಕೆ ಹೋಗುತ್ತಿದ್ದೇನೆ. ನಮ್ಮ ವಿಭಾಗದಿಂದ ಯಾವ ಎರಡು ಗಂಟೆ ಬಿಟ್ಟುಕೊಡಬಹುದು ಅಂತ ಗುರುತು ಹಾಕಿಟ್ಟಿದ್ದೇನೆ. ಬೇರೆ ಕಾಲೇಜಿನಲ್ಲಿ ಯಾರಾದರೂ ಇದನ್ನು ಹೊಂದಿಸಿದ್ದರೆ, ದಯವಿಟ್ಟು ಅದಕ್ಕೆ ಮುಂಚೆ ನನಗೊಂದು ಮಾತು ಬರೆಯಿರಿ.